ಎನ್‌ಎಫ್‌ಎಸ್ಸೋ ಐಸ್ಕಸಿಯೋ: ಡಿಸ್ಕಿಲ್ಲದೆ ಬೂಟ್ ಮಾಡಿ ನೋಡಿದ್ದು

ನಮ್ಮ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಎಸ್‌ಡಿ ಕಾರ್ಡು ಎರಡನೇ ಸಲ ಕೈಕೊಟ್ಟ ದಿನ, ಇದರ ಸಹವಾಸ ಸಾಕು ಅನ್ನಿಸಿತು. ಆಪರೇಟಿಂಗ್ ಸಿಸ್ಟಮ್ಮನ್ನೇ ನ್ಯಾಸ್‌ಗೆ (ನೆಟ್‌ವರ್ಕಿನಲ್ಲಿ ಕೂತ ಸ್ಟೋರೇಜ್ ಪೆಟ್ಟಿಗೆ) ಸಾಗಿಸಿದೆ. ಆಮೇಲೆ ಹಳೇ ಡೆಸ್ಕ್‌ಟಾಪಿನ ಸರದಿ. ಅಲ್ಲಿಂದ ಬೂಟ್ ಮಾಡಲು ನಾನು ನೋಡಿದ ದಾರಿ ಎರಡು: ಎನ್‌ಎಫ್‌ಎಸ್, ಐಸ್ಕಸಿ. ಎರಡನ್ನೂ ಎರಡೂ ಯಂತ್ರಗಳಲ್ಲಿ ತಿಂಗಳುಗಟ್ಟಲೆ ಓಡಿಸಿದ್ದೇನೆ.

ಎನ್‌ಎಫ್‌ಎಸ್‌ನಲ್ಲಿ ಫೈಲುಗಳ ಯಜಮಾನಿಕೆ ನ್ಯಾಸ್‌ನದು. ನಮ್ಮ ಯಂತ್ರ ಒಂದೊಂದನ್ನೂ ಕೇಳಿ ಪಡೆಯಬೇಕು. ಐಸ್ಕಸಿಯಲ್ಲಿ ನ್ಯಾಸ್ ಒಂದು ಬರಿ ಡಿಸ್ಕನ್ನು ತಂತಿಯ ಮೇಲೆ ಕೊಟ್ಟು ಕೈತೊಳೆದುಕೊಳ್ಳುತ್ತದೆ, ಫಾರ್ಮ್ಯಾಟ್ ಮಾಡಿಕೊಳ್ಳುವ ಕೆಲಸ ನಮ್ಮದು.

ಹೊಂದಿಸುವುದರಲ್ಲಿ ಎನ್‌ಎಫ್‌ಎಸ್ ಸಲೀಸು. ಪೈಯ ಬೂಟ್ ಆರ್ಡರ್ 0xಎಫ್21 ಮಾಡಿದರೆ (ಬಲದಿಂದ ಎಡಕ್ಕೆ ಓದಿ: ಮೊದಲು ಕಾರ್ಡು, ಅದಿಲ್ಲದಿದ್ದರೆ ನೆಟ್‌ವರ್ಕ್) ಅರ್ಧ ಕೆಲಸ ಮುಗಿಯಿತು. ಡೆಸ್ಕ್‌ಟಾಪಿನ ಐಸ್ಕಸಿಗೆ ಮಾತ್ರ ನನ್ನ ಒಂದಿಡೀ ಸಂಜೆ ಬಲಿಯಾಯಿತು. ನೆಟ್‌ವರ್ಕ್ ಕಾರ್ಡು ಐಪಿಎಕ್ಸ್‌ಇಯನ್ನು (ನೆಟ್‌ವರ್ಕಿನಿಂದ ಬೂಟ್ ಮಾಡಿಸುವ ಪುಟ್ಟ ಪ್ರೋಗ್ರಾಮು) ತಂದಿತು, ಅದು ಮತ್ತೆ ಡಿಎಚ್‌ಸಿಪಿಯನ್ನು (ಯಂತ್ರಗಳಿಗೆ ವಿಳಾಸ, ಬೂಟ್ ಫೈಲಿನ ಹೆಸರು ಹೇಳುವ ಸರ್ವರ್) ಕೇಳಿತು, ಡಿಎಚ್‌ಸಿಪಿ ಮತ್ತೆ ಐಪಿಎಕ್ಸ್‌ಇಯನ್ನೇ ಕೊಟ್ಟಿತು. ಗಾಣದೆತ್ತಿನ ಸುತ್ತಾಟ. ಕೇಳುತ್ತಿರುವುದು ಐಪಿಎಕ್ಸ್‌ಇ ಆದರೆ ಬೇರೆ ಉತ್ತರ ಕೊಡು ಅಂತ ಡಿಎಚ್‌ಸಿಪಿಗೆ ಹೇಳಿದ ಮೇಲೆ ನಿಂತಿತು.

ವೇಗ? ದೊಡ್ಡ ಫೈಲಿಗೆ ಎರಡೂ ಒಂದೇ. ಗಿಗಾಬಿಟ್ ತಂತಿ ಲೆಕ್ಕದಲ್ಲಿ ಸೆಕೆಂಡಿಗೆ 125 ಎಂಬಿ, ಕೈಗೆ ಸಿಕ್ಕಿದ್ದು 110ರ ಆಸುಪಾಸು. ಅಪ್‌ಡೇಟ್ ಹಾಕಿದಾಗ ಬಣ್ಣ ಬಯಲಾಗುತ್ತದೆ. ಸಾವಿರಾರು ಪುಟಾಣಿ ಫೈಲು, ಎನ್‌ಎಫ್‌ಎಸ್‌ನಲ್ಲಿ ಪ್ರತಿಯೊಂದಕ್ಕೂ ನ್ಯಾಸ್‌ವರೆಗೆ ಹೋಗಿಬರಬೇಕು. ಕಾಫಿ ಕುಡಿದು ಲೋಟ ತೊಳೆದು ಬಂದರೂ ಮುಗಿದಿರಲಿಲ್ಲ. ಐಸ್ಕಸಿ ಇಲ್ಲಿ ಚುರುಕು. ಡಾಕರ್ (ಪ್ರೋಗ್ರಾಮುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಸಾಧನ) ಓಡಿಸುವವರಂತೂ ಎನ್‌ಎಫ್‌ಎಸ್ ಆಸೆ ಬಿಡಿ, ಡಾಕರ್ ಬಳಸುವ ಓವರ್‌ಲೇ ಎಂಬ ಪದರಗಳ ಫೈಲ್ ವ್ಯವಸ್ಥೆ ಅಲ್ಲಿ ಬರೆಯಲು ಒಪ್ಪುವುದಿಲ್ಲ.

ಕೆಟ್ಟಾಗ ರಿಪೇರಿಗೆ ಎನ್‌ಎಫ್‌ಎಸ್‌ಗೆ ಸಾಟಿಯಿಲ್ಲ. ಪೈ ಮೊದಲ ಸಲ ಏಳಲೇ ಇಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕು ಜೋಡಿಸಬೇಕೆಂಬ ಪಟ್ಟಿ) ಹಳೇ ಎಸ್‌ಡಿ ಕಾರ್ಡಿನ ಸಾಲು ಹಾಗೇ ಉಳಿದಿತ್ತು. ನ್ಯಾಸ್‌ಗೆ ಲಾಗಿನ್ ಆಗಿ ಆ ಸಾಲು ಅಳಿಸಿದೆ, ಎರಡು ನಿಮಿಷದ ಕೆಲಸ. ಐಸ್ಕಸಿಯಾದರೆ ಯಂತ್ರ ಆಫ್ ಮಾಡಿ, ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿಕೊಂಡು ತಿದ್ದಬೇಕು. ಆಫ್ ಮಾಡಲು ಮರೆತು ಎರಡೂ ಕಡೆಯಿಂದ ಬರೆದಿರೋ, ಡಿಸ್ಕಿನ ಮೇಲಿನ ಫೈಲ್ ವ್ಯವಸ್ಥೆ ಎಕ್ಸ್‌ಟಿ4 ಚಿಂದಿ.

ನಿಜವಾದ ಪರೀಕ್ಷೆ ಒಂದು ಮಳೆಗಾಲದ ಸಂಜೆ ಆಯಿತು. ಕರೆಂಟ್ ಹೋಯಿತು. ನ್ಯಾಸ್, ಪೈ, ಡೆಸ್ಕ್‌ಟಾಪ್ ಮೂರೂ ಯುಪಿಎಸ್ ಮೇಲೆ ಓಡುತ್ತಿದ್ದವು. ಅವನ್ನು ಜೋಡಿಸುವ ಐದು ಪೋರ್ಟಿನ ನೆಟ್‌ವರ್ಕ್ ಸ್ವಿಚ್ಚು ಮಾತ್ರ ಗೋಡೆಯ ಪ್ಲಗ್ಗಿನಲ್ಲಿತ್ತು! ಎನ್‌ಎಫ್‌ಎಸ್‌ನ ಪೈ, ಸರ್ವರ್ ಉತ್ತರಿಸುತ್ತಿಲ್ಲ ಅಂತ ಒಂದು ಸಾಲು ಬರೆದು ಸುಮ್ಮನೆ ಕಾದು ಕೂತಿತು. ಕರೆಂಟ್ ಬಂದದ್ದೇ ಏನೂ ಆಗದವರ ಹಾಗೆ ಮುಂದುವರಿಯಿತು. ಐಸ್ಕಸಿಯ ಡೆಸ್ಕ್‌ಟಾಪು 120 ಸೆಕೆಂಡ್ ತಾಳಿತು, ಓಪನ್-ಐಸ್ಕಸಿಯ (ಲಿನಕ್ಸ್‌ನಲ್ಲಿ ಐಸ್ಕಸಿ ಡಿಸ್ಕು ಜೋಡಿಸುವ ತಂತ್ರಾಂಶ) ಮಾಮೂಲಿ ಗಡುವು ಅಷ್ಟೇ. ಆಮೇಲೆ ಫೈಲುಗಳ ಪಟ್ಟಿ ಕೇಳುವ ಎಲ್‌ಎಸ್ ಕಮಾಂಡ್ ಹೊಡೆದರೂ ಇನ್‌ಪುಟ್-ಔಟ್‌ಪುಟ್ ಎರರ್. ಸಿಸ್ಟಮ್ ಇರುವ ರೂಟ್ ಡಿಸ್ಕೇ ಐಸ್ಕಸಿ ಮೇಲಿದ್ದರೆ ಈ ಗಡುವನ್ನು 86400ಕ್ಕೆ, ಅಂದರೆ ಒಂದಿಡೀ ದಿನಕ್ಕೆ, ಏರಿಸಿ ಅಂತ ಅದರ ಕೈಪಿಡಿಯಲ್ಲೇ ಇದೆ. ನಾನು ಓದಿದ್ದು ಮಾರನೇ ದಿನ.

ಇಷ್ಟಾದರೂ ಡೆಸ್ಕ್‌ಟಾಪಿನಲ್ಲಿ ಐಸ್ಕಸಿಯನ್ನೇ ಉಳಿಸಿಕೊಂಡಿದ್ದೇನೆ, ದಿನವಿಡೀ ಕೂತು ಕೆಲಸ ಮಾಡುವ ಯಂತ್ರಕ್ಕೆ ಆ ಚುರುಕು ಬೇಕು. ಪೈ ಎನ್‌ಎಫ್‌ಎಸ್‌ನಲ್ಲೇ ಇದೆ. ಸ್ವಿಚ್ಚು ಈಗ ಯುಪಿಎಸ್ ಮೇಲಿದೆ.