ಬೇರ್ ರೂಟ್ ಅಂತ ಬೇರೆ ಗಿಡ ಕಳಿಸಿದರು, ನೀಲಿ ಹೂವಿನ ಆಸೆಗೆ ಬೀಳಬೇಡಿ

ಇದನ್ನು ಬರೆಯಬೇಕೋ ಬೇಡವೋ ಅಂತ ಹತ್ತು ದಿನ ಒದ್ದಾಡಿದೆ. ನಾಚಿಕೆ ಆಗುತ್ತೆ. ಇಪ್ಪತ್ತು ವರ್ಷದಿಂದ ಗಿಡ ಬೆಳೆಸುತ್ತಿರುವವಳು ನಾನು. ನಮ್ಮ ಓಣಿಯಲ್ಲಿ ಯಾರ ಮನೆ ಗುಲಾಬಿ ಬಾಡಿದರೂ ನನ್ನನ್ನೇ ಕರೆಯುತ್ತಾರೆ. ಅಂಥವಳು 1,400 ರೂಪಾಯಿ ಕೊಟ್ಟು, ಗುಡಿ ಹಿಂದಿನ ನಲ್ಲಿ ಪಕ್ಕ ಪುಕ್ಕಟೆ ಸಿಗುವ ಗಿಡ ತರಿಸಿಕೊಂಡಿದ್ದೇನೆ. ಪುಕ್ಕಟೆ ರೀ!

ಗಿಡದ ಹೆಸರು ಅಗಪಾಂಥಸ್. ಊಟಿಗೆ ಹೋದಾಗ ನೋಡಿದ್ದೆ. ಸೊಂಟದೆತ್ತರದ ದಂಟು, ತುದಿಯಲ್ಲಿ ನೀಲಿ ಹೂವಿನ ಚೆಂಡು. ಕೆಳಗೆ ಪಟ್ಟಿಯಂಥ ಹಸಿರು ಎಲೆ. ದಕ್ಷಿಣ ಆಫ್ರಿಕಾ ಕಡೆಯ ಗಿಡ. ನಮ್ಮ ಕೊಪ್ಪಳದಲ್ಲಿ ನೀಲಿ ಹೂವು ಅಂದರೆ ಬೇಲಿ ಮೇಲಿನ ಶಂಖಪುಷ್ಪ, ಅಷ್ಟೇ. ಅವತ್ತಿಂದ ಆ ನೀಲಿ ತಲೆಯಲ್ಲಿ ಕೂತಿತ್ತು.

ಜನವರಿಯಲ್ಲಿ, ಗವಿಮಠದ ಅಜ್ಜನ ಜಾತ್ರೆ ಮುಗಿದ ವಾರ, ಮೊಬೈಲಿನಲ್ಲಿ ಒಂದು ರೀಲ್ಸ್ ಬಂತು. ಅದೇ ಹೂವು. ‘ಬೇರ್ ರೂಟ್ ಗಿಡ, 5ಕ್ಕೆ 1,250 ರೂಪಾಯಿ, ಆರು ವಾರದಲ್ಲಿ ಹೂವು, ಕೊನೆಯ 5 ಸೆಟ್ ಮಾತ್ರ.’ ಬೇರ್ ರೂಟ್ ಅಂದರೆ ಕುಂಡ, ಮಣ್ಣು ಏನೂ ಇಲ್ಲದೆ ಬರೀ ಬೇರಿನ ಸಮೇತ ಕಳಿಸುವ ಗಿಡ. ಗುಲಾಬಿಯನ್ನು ಹಾಗೆ ತರಿಸಿ ಬೆಳೆಸಿದ್ದೆ, ಹೆದರಿಕೆ ಇರಲಿಲ್ಲ. ವಾಟ್ಸಾಪ್‌ನಲ್ಲಿ ಕೇಳಿದೆ, ನಮ್ಮ ಬಿಸಿಲಿಗೆ ಬರುತ್ತಾ? ‘ರಾಜಸ್ಥಾನಕ್ಕೇ ಕಳಿಸಿದ್ದೇವೆ ಮೇಡಂ.’ ಗಿಡ ಬಂದ ಮೇಲೆ ದುಡ್ಡು ಕೊಡಬಹುದಾ? ‘ಜೀವ ಇರೋ ಗಿಡ ಅಲ್ವಾ ಮೇಡಂ, ಮೊದಲೇ ಹಾಕಬೇಕು.’ ಕೊರಿಯರ್ 150 ಬೇರೆ. ಹಾಕಿದೆ. ಅಂಗಡಿ ಹೆಸರಿಗಲ್ಲ, ಯಾರದೋ ಸ್ವಂತ ನಂಬರಿಗೆ. ಮನೆಯವರಿಗೆ 400 ಅಂತ ಹೇಳಿದ್ದೆ. ಅವರೂ ಇದನ್ನು ಓದುತ್ತಾರೆ, ಓದಲಿ.

ಹನ್ನೊಂದು ದಿನಕ್ಕೆ ಪಾರ್ಸೆಲ್ ಬಂತು. ಕತ್ತರಿ ಹಾಕಿದ ಕೂಡಲೇ ಕೊಳೆತ ಉಳ್ಳಾಗಡ್ಡಿ ವಾಸನೆ. ಒದ್ದೆ ಪೇಪರ್ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಬಿಗಿದಿದ್ದರು. ಎರಡು ಪೂರ್ತಿ ಹೋಗಿದ್ದವು, ಒತ್ತಿದರೆ ಬೆರಳು ಒಳಗೆ ಇಳಿಯುತ್ತಿತ್ತು. ಉಳಿದ ಮೂರು ಗಟ್ಟಿ ಇದ್ದವು. ದುಂಡಗೆ, ಮೇಲೆ ಕಂದು ಸಿಪ್ಪೆ, ಬುಡ ಚಾಕುವಿನಿಂದ ಕೆತ್ತಿದ ಹಾಗೆ ನುಣ್ಣಗೆ. ಬೇರ್ ರೂಟ್ ಅಂತ ಹೆಸರು, ಬೇರೇ ಇರಲಿಲ್ಲ!

ಅಲ್ಲೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಫೋಟೋ ಕಳಿಸಿ ಬೇರು ಎಲ್ಲಿ ಅಂತ ಕೇಳಿದೆ. ‘ನಿದ್ದೆಯಲ್ಲಿದೆ ಮೇಡಂ, ನೀರು ಬಿದ್ದರೆ ಏಳುತ್ತೆ.’ ಕೊಳೆತ ಎರಡಕ್ಕೆ? ‘ಪಾರ್ಸೆಲ್ ಬಿಚ್ಚುವ ವಿಡಿಯೋ ಇದೆಯಾ ಮೇಡಂ?’ ವಿಡಿಯೋ ಮಾಡಿರಲಿಲ್ಲ. ಗಿಡ ಬಿಚ್ಚುವಾಗ ಯಾರು ವಿಡಿಯೋ ಮಾಡುತ್ತಾರೆ ರೀ? ಮೂರಾದರೂ ಬರಲಿ ಅಂತ ಸುಮ್ಮನಾದೆ. ಇದಕ್ಕೆ ಆಫ್ರಿಕನ್ ಲಿಲಿ ಅಂತಲೂ ಹೆಸರಿದೆ. ಲಿಲಿ ಅಂದ ಮೇಲೆ ಗಡ್ಡೆ ಇರಲೇಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆಸರು ನೋಡಿ ಮೋಸ ಹೋದೆ.

ಹಿತ್ತಲಿನ ಮಸಾರಿ ಮಣ್ಣಿಗೆ ಮರಳು, ಕುರಿ ಗೊಬ್ಬರ ಕಲಸಿ ನೆಟ್ಟೆ. ಏಪ್ರಿಲ್ ಬಿಸಿಲಿಗೆ ಹಳೆ ಸೀರೆ ಕಟ್ಟಿ ನೆರಳು ಮಾಡಿದೆ. ಮನೆಗೆ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದಾಗಲೂ ಅದಕ್ಕೆ ಒಂದು ಚೊಂಬು ತಪ್ಪಿಸಲಿಲ್ಲ. ಆರು ವಾರ ಹೋಯಿತು, ಹನ್ನೆರಡು ವಾರವೂ ಹೋಯಿತು. ಎಲೆ ಮಾತ್ರ ಚೆನ್ನಾಗಿ ಬಂತು, ಅಗಲವಾದ ಕಡು ಹಸಿರು ಪಟ್ಟಿ. ಬಂದವರಿಗೆಲ್ಲ ತೋರಿಸಿದೆ. ನೀಲಿ ಹೂವು ಬಿಡುತ್ತೆ, ಆಫ್ರಿಕಾದ್ದು ಅಂತ. ಎಷ್ಟು ಜನಕ್ಕೆ ಹೇಳಿದ್ದೆ ಅಂತ ಈಗ ಎಣಿಸಲೂ ಮನಸ್ಸಿಲ್ಲ.

ಜುಲೈನಲ್ಲಿ ಎರಡು ಮಳೆ ಆದ ಮೇಲೆ ದಂಟು ಎದ್ದಿತು. ತುದಿಯಲ್ಲಿ ಮೊಗ್ಗಿನ ಗೊಂಚಲು. ಕುಣಿದಾಡಿದೆ. ಒಂದು ಸಂಜೆ ದೀಪ ಹಚ್ಚಿ ಹಿತ್ತಲಿಗೆ ಹೋದರೆ ಘಮ್ ಅಂತ ವಾಸನೆ. ಮೊಬೈಲ್ ಟಾರ್ಚ್ ಹಾಕಿದೆ. ಬಿಳಿ. ಹಾಲಿನಂಥ ಬಿಳಿ. ಜೇಡನ ಕಾಲಿನಂತೆ ಆರು ಉದ್ದನೆ ಎಸಳು ಚಾಚಿಕೊಂಡಿವೆ. ನಡುವೆ ತೆಳ್ಳನೆ ಬಟ್ಟಲು, ಈರುಳ್ಳಿಯ ಒಳಪೊರೆ ಹಾಗೆ. ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಆದರೆ ಎಲ್ಲಿ ಅಂತ ನೆನಪಾಗಲಿಲ್ಲ, ಅಥವಾ ನೆನಪಾಗುವುದು ನನಗೇ ಬೇಕಿರಲಿಲ್ಲ.

ಬೆಳಿಗ್ಗೆ ಎದುರು ಮನೆ ಅಜ್ಜಿ ಬಂದರು. ನೋಡಿದರು. ಸೆರಗು ಬಾಯಿಗೆ ಹಿಡಿದು, “ಯವ್ವಾ, ಇದಕ್ಕ ರೊಕ್ಕ ಕೊಟ್ಟಿಯೇನ? ಗುಡಿ ಹಿಂದ, ನಲ್ಲಿ ಬಾಜೂಕ ಬೇಕಾದಷ್ಟ ಐತಲ್ಲ. ಕೇಳಿದ್ರ ನಾನ ಕಿತ್ತು ಕೊಡ್ತಿದ್ದೆ” ಅಂದರು.

ಸ್ಪೈಡರ್ ಲಿಲಿ! ರಸ್ತೆ ನಡುವಿನ ಡಿವೈಡರಿನಲ್ಲಿ, ಪಾರ್ಕಿನಲ್ಲಿ, ಆಫೀಸುಗಳ ಕಾಂಪೌಂಡಿನಲ್ಲಿ ಯಾರೂ ನೋಡದೆ ಬೆಳೆಯುವ ಸ್ಪೈಡರ್ ಲಿಲಿ. ಅದಕ್ಕೆ ನಾನು ಐದು ತಿಂಗಳು ನೀರು ಹಾಕಿದ್ದೆ, ಸೀರೆ ಕಟ್ಟಿ ನೆರಳು ಮಾಡಿದ್ದೆ.

ಆ ಮನುಷ್ಯನಿಗೆ ಫೋಟೋ ಹಾಕಿದೆ. ಬಂದ ಉತ್ತರಗಳು ಇವು. ಮೊದಲು, ‘ಅಭಿನಂದನೆ ಮೇಡಂ, ಇದು ಬಿಳಿ ಅಗಪಾಂಥಸ್.’ ಅಗಪಾಂಥಸ್‌ನಲ್ಲಿ ಬಿಳಿಯದೂ ಇದೆ ನಿಜ. ಆದರೆ ಅದರ ಹೂವು ಸಣ್ಣ ತುತ್ತೂರಿ ಹಾಗೆ, ಚೆಂಡು ಕಟ್ಟಿರುತ್ತೆ. ಅದನ್ನೇ ಬರೆದೆ. ಆಮೇಲೆ, ‘ಮೊದಲ ವರ್ಷ ಬಿಳಿ ಬರುತ್ತೆ ಮೇಡಂ, ಮುಂದಿನ ವರ್ಷ ನೀಲಿ ತಿರುಗುತ್ತೆ.’ ತಿರುಗುತ್ತಂತೆ! ದುಡ್ಡು ವಾಪಸ್ ಕೊಡಿ ಅಂದೆ. ‘ನಿಮ್ಮ ಕಡೆ ನೀರು ಸರಿ ಇಲ್ಲ, ಅದಕ್ಕೆ ಬಣ್ಣ ಬಂದಿಲ್ಲ.’ ತುಂಗಭದ್ರಾ ನೀರಿಗೆ ಹೆಸರಿಟ್ಟ! ಕೊನೆಗೆ ಒಂದು ನಮಸ್ಕಾರದ ಚಿತ್ರ ಕಳಿಸಿದ. ಆಮೇಲೆ ನನ್ನ ನಂಬರ್ ಬ್ಲಾಕ್.

ಬಿಳಿ ಹೋಗಿ ನೀಲಿ ಆಗುತ್ತೆ ಅನ್ನುವ ಆ ಮಾತು ಇದೆಯಲ್ಲ, ಅದೇ ನನಗೆ ಈಗಲೂ ನಿದ್ದೆ ಕೆಡಿಸುತ್ತೆ. ದುಡ್ಡು ಹೋದರೆ ಹೋಗಲಿ. ನನ್ನನ್ನು ಎಷ್ಟು ದಡ್ಡಿ ಅಂದುಕೊಂಡಿರಬೇಕು.

ತಂಗಿ ಮಗಳು ಮುನಿರಾಬಾದಿನ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಾಳೆ. ಬಂದವಳು ಒಂದು ಗಿಡ ಕಿತ್ತು ಗಡ್ಡೆಯನ್ನು ಅಡ್ಡ ಕೊಯ್ದು ತೋರಿಸಿದಳು. ಉಳ್ಳಾಗಡ್ಡಿ ಹಾಗೆ ಸುತ್ತು ಸುತ್ತು ಪದರ. “ದೊಡ್ಡವ್ವ, ಅಗಪಾಂಥಸ್‌ಗೆ ಇಂಥ ಗಡ್ಡೆ ಇರೋದೇ ಇಲ್ಲ” ಅಂದಳು. ಅಸಲಿ ಬೇರ್ ರೂಟ್ ಆದರೆ ಶುಂಠಿ ತುಂಡಿನಂಥ ಮೋಟು ಬುಡ, ಅದರಿಂದ ಇಳಿದ ದಪ್ಪ ಬಿಳಿ ಬೇರುಗಳು, ಪೆನ್ಸಿಲ್ ದಪ್ಪ, ರಸ ತುಂಬಿದವು. ಮೇಲೆ ಕತ್ತರಿಸಿದ ಎಲೆ ಬುಡ. ಅದನ್ನು ನೆಟ್ಟರೂ ಸಾಮಾನ್ಯವಾಗಿ ಎರಡನೇ, ಮೂರನೇ ವರ್ಷಕ್ಕೆ ಹೂವು. ಆರು ವಾರ ಅಂದಾಗಲೇ ಸುಳ್ಳು ಅಂತ ತಿಳಿಯಬೇಕಿತ್ತು ಅಂತ ಬೈದಳು. ಊಟಿ, ಕೊಡೈಕೆನಾಲ್ ತಂಪಿಗೆ ಸೊಗಸಾಗಿ ಬರುವ ಗಿಡವಂತೆ. ನಮ್ಮ 40 ಡಿಗ್ರಿಗೆ ಮಧ್ಯಾಹ್ನದ ನೆರಳು ಕೊಟ್ಟರೂ ಹೂವು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇದನ್ನೆಲ್ಲ ದುಡ್ಡು ಹಾಕುವ ಮುಂಚೆ ಅವಳಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಇಪ್ಪತ್ತು ವರ್ಷದ ಅನುಭವ ನೋಡಿ!

ಯಾರಾದರೂ ಬೇರ್ ರೂಟ್ ತರಿಸುವವರಿದ್ದರೆ, ಬೇರಿನ ಫೋಟೋ ಕೇಳಿ. ಹೂವಿನದಲ್ಲ, ಬೇರಿನದು. ಅವತ್ತಿನ ಪೇಪರ್ ಪಕ್ಕ ಇಟ್ಟು ತೆಗೆಯಲು ಹೇಳಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ, ನಾನು ನಕ್ಕಿದ್ದೆ, ನೀವು ನಗಬೇಡಿ. ದುಡ್ಡು ಹೋದರೆ ತಕ್ಷಣ 1930ಕ್ಕೆ, ಅಂದರೆ ಸೈಬರ್ ವಂಚನೆಯ ಸಹಾಯವಾಣಿಗೆ, ಫೋನ್ ಮಾಡಬೇಕು. ನಾನು ನಾಚಿಕೆಯಿಂದ ಎರಡು ವಾರ ಸುಮ್ನೆ ಕೂತೆ.

ಮೊನ್ನೆ ತಂಗಿಯ ಮೊಬೈಲಿನಿಂದ ಅದೇ ನಂಬರಿಗೆ ‘ನೀಲಿ ಅಗಪಾಂಥಸ್ ಇದೆಯಾ’ ಅಂತ ಮೆಸೇಜ್ ಹಾಕಿದೆ. ಎರಡೇ ನಿಮಿಷ. ‘ಇದೆ ಮೇಡಂ. ಕೊನೆಯ 5 ಸೆಟ್ ಮಾತ್ರ.’