ಡ್ಯಾಶ್ ಶೆಲ್: ತೋಟದ ಮಳೆ ಲೆಕ್ಕದಲ್ಲಿ ಪರೀಕ್ಷಿಸಿದಾಗ

ಮಡಿಕೇರಿ ಬಳಿಯ ನಮ್ಮ ಕಾಫಿ ತೋಟದ ಮಳೆ ಲೆಕ್ಕ ಕೂಡಿಸುವ ಸ್ಕ್ರಿಪ್ಟನ್ನು ಬ್ಯಾಶ್, ಡ್ಯಾಶ್, ಝಡ್‌ಶೆಲ್ ಎಂಬ ಮೂರು ಶೆಲ್‌ಗಳಲ್ಲೂ (ಬರೆದಿಟ್ಟ ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಂಗಳು) ಓಡಿಸಿ ನೋಡಿದ ಮೇಲೆ ಡ್ಯಾಶ್ ಬಗ್ಗೆ ನನಗೆ ಗೌರವ ಹೆಚ್ಚಿದೆ. ವೇರಿಯಬಲ್ (ಮೌಲ್ಯ ಇಟ್ಟುಕೊಳ್ಳುವ ಹೆಸರು) ಹೆಸರಿನ ನಂತರ ಬರೀ ಅಡ್ಡಗೆರೆ (-) ಇದ್ದರೆ ಆ ವೇರಿಯಬಲ್ ಇಲ್ಲದಾಗ ಮಾತ್ರ, ಕೋಲನ್ ಸೇರಿಸಿದರೆ ಅದು ಖಾಲಿ ಇದ್ದಾಗಲೂ ಬದಲಿ ಮೌಲ್ಯ ಬರಬೇಕೆಂಬ ಪೋಸಿಕ್ಸ್ (ಯೂನಿಕ್ಸ್ ಮಾದರಿಯ ವ್ಯವಸ್ಥೆಗಳ ಸಾಮಾನ್ಯ ಮಾನದಂಡ) ನಿಯಮವನ್ನು ಮೂರೂ ತಪ್ಪದೆ ಪಾಲಿಸಿದವು. ಅಳತೆಯನ್ನೇ ಬರೆಯದ ದಿನವನ್ನೂ ಖಾಲಿ ಬಿಟ್ಟ ದಿನವನ್ನೂ ಬೇರೆ ಮಾಡಲು ನನಗೆ ಬೇಕಿದ್ದುದು ಇದೇ. ಆದರೆ ‘ಮೇಲಿನ ತೋಟ’ ಎಂಬ ಮೌಲ್ಯವಿರುವ ವೇರಿಯಬಲನ್ನು ಉದ್ಧರಣ ಚಿಹ್ನೆಯಿಲ್ಲದೆ ಬಳಸಿದಾಗ ಬ್ಯಾಶ್ ಮತ್ತು ಡ್ಯಾಶ್ ಅದನ್ನು ಎರಡು ಪದಗಳಾಗಿ ಒಡೆದವು, ಝಡ್‌ಶೆಲ್ ಮಾತ್ರ ಒಂದಾಗಿಯೇ ಉಳಿಸಿತು. ಮೌಲ್ಯದೊಳಗಿನ ಅಕ್ಷರಗಳನ್ನು ಓರೆಗೆರೆಯಿಂದ (/) ಬದಲಿಸುವ ಬ್ಯಾಶ್ ರೂಢಿಯನ್ನು ಡ್ಯಾಶ್ ಒಪ್ಪದೆ, ದೋಷ ತೋರಿಸಿ ನಿಂತುಬಿಡುತ್ತದೆ. ಈ ಕಟ್ಟುನಿಟ್ಟೇ ನನಗೆ ಹಿಡಿಸಿತು.