ಐದನೇ ಕ್ಲಾಸಿಗೆ ತಗೊಂಡ ಸೈನ್ಸ್ ಕಿಟ್ ಹೇಗಿದೆ

ಬಾಕ್ಸ್ ಮೇಲೆ ದೊಡ್ಡದಾಗಿ "ಕಲಿಕಾ ಫಲಗಳಿಗೆ ಅನುಗುಣ" (ಅಂದ್ರೆ ಆ ತರಗತಿಲಿ ಮಗು ಕಲಿತಿರ್ಬೇಕಾದ್ದಕ್ಕೆ ಹೊಂದತ್ತೆ) ಅಂತ ಬರ್ದಿದಾರೆ, ಅದನ್ನೇ ನಂಬ್ಕೊಂಡು ತಗೋಬೇಡಿ, ಒಳಗೆ ಏನಿದೆ ನೋಡಿ. ಶಾಲಾ ಪಠ್ಯಪುಸ್ತಕ ಮಾಡೋ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿ 2017ರಲ್ಲಿ ಕೊಟ್ಟ ಕಲಿಕಾ ಫಲಗಳಲ್ಲಿ ಐದನೇ ತರಗತಿ ಪರಿಸರ ಅಧ್ಯಯನಕ್ಕೆ ತೇಲೋದು ಮುಳುಗೋದು, ಬೆರೆಯೋದು, ಆವಿಯಾಗೋದು, ಮೊಳಕೆ ಬರೋದು, ಆಹಾರ ಕೆಡೋದು ಇವೆಲ್ಲ ಬರ್ತವೆ, ಆದ್ರೆ ಮಕ್ಕಳು ಮೊದ್ಲು ಊಹೆ ಮಾಡ್ಬೇಕು, ಆಮೇಲೆ ಮಾಡಿ ನೋಡ್ಬೇಕು, ಕಂಡಿದ್ದನ್ನ ಕೋಷ್ಟಕದಲ್ಲೋ ಚಿತ್ರದಲ್ಲೋ ಬರೀಬೇಕು, ಯಾಕೆ ಹೀಗಾಯ್ತು ಅಂತ ಹೇಳ್ಬೇಕು, ಅಸಲಿ ವಿಷ್ಯ ಇದೇ.

ತೇಲು-ಮುಳುಗು ಸೆಟ್ ಸೂಪರ್. ಪಾರದರ್ಶಕ ತೊಟ್ಟಿ ಇರೋದ್ರಿಂದ ಹಿಂದಿನ ಬೆಂಚಿನವ್ರಿಗೂ ಕಾಣತ್ತೆ. ನಾನು ಇದರಲ್ಲೇ ಸಿಪ್ಪೆ ಇರೋ ಕಿತ್ತಳೆ, ಸಿಪ್ಪೆ ಸುಲಿದ ಕಿತ್ತಳೆ ಎರಡೂ ಹಾಕ್ಸಿದೆ, ಮೊದಲ್ನೇದು ತೇಲ್ತು ಎರಡನೇದು ಮುಳುಗ್ತು, ಹಗುರ ಆದದ್ದೇ ಮುಳುಗ್ತಲ್ಲ ಮಿಸ್ ಅಂತ ಮಕ್ಕಳು ಜಗಳಕ್ಕೇ ನಿಂತ್ರು, ಸಿಪ್ಪೆಯೊಳಗಿನ ಗಾಳಿಯಿಂದ್ಲೇ ತೇಲೋದು ಅನ್ನೋವರೆಗೆ ಅವರೇ ಬಂದ್ರು!

ಬೇಜಾರಾಗಿದ್ದು ಕೈಪಿಡಿ. ಬರೀ ಇಂಗ್ಲಿಷು, ಅದ್ರಲ್ಲೂ ಪ್ರತಿ ಪ್ರಯೋಗದ ಉತ್ತರ ಮೊದಲ್ನೇ ಸಾಲಲ್ಲೇ ಕೊಟ್ಟಿದಾರೆ, ಹಾಗಾದ್ರೆ ಮಗು ಊಹಿಸೋದೇನು? ದಾಖಲಿಸೋಕೆ ಒಂದು ಕೋಷ್ಟಕಾನೂ ಇಲ್ಲ, ನಾವೇ ಬೋರ್ಡ್ ಮೇಲೆ ಗೆರೆ ಹಾಕ್ಕೋಬೇಕು. ಕಿಟ್‌ನಲ್ಲಿರೋ ಅಡುಗೆ ಸೋಡಾ ಜ್ವಾಲಾಮುಖಿ (ಸೋಡಾದಿಂದ ನೊರೆ ಉಕ್ಕಿಸೋ ಪ್ರಯೋಗ) ನೋಡೋಕೆ ಚೆಂದ ಅಷ್ಟೇ, ಈ ಫಲಗಳಲ್ಲಿ ಯಾವುದಕ್ಕೆ ಸೇರಿದ್ದು ಅಂತ ಎಲ್ಲೂ ಹೇಳಿಲ್ಲ.

ಐದಕ್ಕೆ ಮೂರು ಸ್ಟಾರ್. ಸರ್ಕಾರಿ ಶಾಲೆಯವ್ರು ತಗೊಳೋದಾದ್ರೆ ಕನ್ನಡ ಕೈಪಿಡಿ ಕೊಡ್ತೀರಾ ಅಂತ ಮೊದ್ಲೇ ಕೇಳಿ, ಕೊಡಲ್ಲ ಅಂದ್ರೆ ತೊಟ್ಟಿ ಒಂದನ್ನೇ ಬಿಡಿಯಾಗಿ ತಗೊಳಿ.